ಪೌನನ ಹೆಸರಿಗೆ ಬಂದ ಕಂದಾಯ

ಬುಕೋವಾ ರೇಕಾ
೧೧ ಮಾರ್ಚ್ ೨೦೦೮

ಕ್ರೂನಾ ಅಕ್ಕ,

ನಿಮ್ಮ ತಮ್ಮ ಪೌನನ ವರ್ಷದ ಊಟಕ್ಕೆ ನಿಮಗೆ ಬರಲಾಗಲಿಲ್ಲ. ಆ ಪರದೇಶದ ಲಿಂಟ್ಸಿನಲ್ಲಿ ರಜೆ ಸಿಗುವುದು ಎಷ್ಟು ಕಷ್ಟವೆಂದು ಪೌನ್ ಹೇಳುತ್ತಿದ್ದ, ಆದ್ದರಿಂದ ಬೇಸರವಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ಕಂಬಕಂಬಕ್ಕೂ ಅವನ ಫೋಟೊ ಇರುವ ಕಾಗದ ಅಂಟಿಸಿದೆ. ಗೋಧಿ ಬೇಯಿಸಿದೆ. ಸಮಾಧಿಯ ಬಳಿ ಎಲ್ಲರೂ ಒಂದೊಂದು ಚಮಚ ತಿಂದು, ನೆಲಕ್ಕೆ ಒಂದು ತೊಟ್ಟು ರಾಕಿಯಾ ಸಾರಾಯಿ ಚೆಲ್ಲಿದರು. ಆಮೇಲೆ ಹಿತ್ತಲ ಹಿಂದಿನ ತೊರೆಗೆ ಹಲಗೆ ಹಾಕಿದೆವು. ಓಕ್ ಮರದ್ದು, ಮೇಲೆ ಅವನ ಹೆಸರು ಕೆತ್ತಿಸಿದ್ದೇನೆ. ಆಚೆ ಲೋಕದಲ್ಲಿ ನೀರು ದಾಟುವಾಗ ಅವನ ಕಾಲು ಒದ್ದೆಯಾಗಬಾರದು. ನಿಮ್ಮ ತಾಯಿಯ ಹಲಗೆ ಪಕ್ಕದಲ್ಲೇ ಇದೆ, ಇನ್ನೂ ಗಟ್ಟಿಯಾಗಿದೆ. ಪೌನನ ಹಲಗೆಯನ್ನು ಮೊದಲು ದಾಟಿದ್ದು ಸ್ತಾನೋಯೆ ಅಜ್ಜನ ಮೇಕೆ. ನಾನು ಓಡಿಸಲು ಹೋದೆ, ಅಜ್ಜ ತಡೆದ. "ಬಿಡು ಮಗಳೇ, ಬದುಕಿದ್ದಾಗ್ಲೂ ಪೌನ್ ನನ್ನ ಮೇಕೆಗಳಿಗೆ ಏನೂ ಅಂತಿರ್ಲಿಲ್ಲ" ಎಂದ.

ನಿನ್ನೆ ಮನೆಯ ಕಂದಾಯದ ನೋಟೀಸು ಬಂತು. ಕಟ್ಟಿಬಿಟ್ಟೆ.

ಊರಿನ ದೊಡ್ಡ ಸುದ್ದಿ ಸೇತುವೆಯದು. ಹೋದ ವರ್ಷ ಲಿಂಟ್ಸಿನಿಂದ ಅವನ ಶವ ತಂದ ಗಾಡಿ ಆಚೆ ದಡದಲ್ಲೇ ನಿಂತದ್ದು, ಹುಡುಗರು ಪೆಟ್ಟಿಗೆಯನ್ನು ಹೆಗಲ ಮೇಲೆ ದಾಟಿಸಿದ್ದು ನಿಮಗೆ ನೆನಪಿರುತ್ತದೆ. ಹಳೆಯ ಸೇತುವೆ ಭಾರ ತಡೆಯದೆಂದು ಇಟ್ಟ, ಕಾಂಕ್ರೀಟ್ ತುಂಬಿದ ಆ ಪೀಪಾಯಿಗಳು ಇನ್ನೂ ಎರಡೂ ತುದಿಗೆ ಅಡ್ಡ ನಿಂತಿವೆ. ನಡೆಯುವವರಿಗೆ ಮಾತ್ರ ದಾರಿ. ಶಾಲೆಯ ಬಸ್ಸು ಆಚೆಯಿಂದಲೇ ತಿರುಗಿ ಹೋಗುತ್ತದೆ. ಚಳಿಗಾಲದಲ್ಲಿ ಸ್ತಾನೋಯೆ ಅಜ್ಜನ ಹೆಂಡತಿಗೆ ಎದೆನೋವು ಬಂದಾಗ ಬಾಗಿಲೊಂದನ್ನು ಕಿತ್ತು, ಅದರ ಮೇಲೆ ಮಲಗಿಸಿ ಆಂಬುಲೆನ್ಸಿನವರೆಗೆ ಹೊತ್ತರು. ಬದುಕಿಕೊಂಡಳು.

ಈ ಸಲ ಪುರಸಭೆಯವರು ಬಜೆಟ್ಟಿನಲ್ಲಿ ಹೊಸ ಸೇತುವೆಯ ಅರ್ಧ ಖರ್ಚು ಇಟ್ಟಿದ್ದಾರೆ. ಉಳಿದರ್ಧ ಊರು ಕೊಡಬೇಕು. ಕಂದಾಯದ ಜೊತೆಗೆ ಮೂರು ವರ್ಷ ಊರ ವಂತಿಗೆ ಕಟ್ಟುತ್ತೇವೆಂದು ನಾವೇ ಮತ ಹಾಕಿ ಒಪ್ಪಬೇಕಂತೆ. ಮೇ ತಿಂಗಳಲ್ಲಿ ಮತದಾನ. ಊರ ಸಮಿತಿಯ ತ್ರಾಯ್ಲೋ ಮನೆಮನೆಗೆ ಹೋಗಿ ಹೇಳುತ್ತಿದ್ದಾನೆ.

ನಿಮ್ಮ ಮಂಡಿನೋವು ಹೇಗಿದೆ?

ನಿಮ್ಮ ಪೆರ್ಸಿದಾ


ಲಿಂಟ್ಸ್
೩೦ ಮಾರ್ಚ್ ೨೦೦೮

ಪೆರ್ಸಿದಾ,

ಮಂಡಿ ಹಾಗೇ ಇದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದಿನವಿಡೀ ನಿಂತರೆ ಇನ್ನು ಹೇಗಿರುತ್ತದೆ?

ಓಕ್ ಹಲಗೆ ಹಾಕಿಸಿದ್ದು ಒಳ್ಳೆಯದು. ಪೈನ್ ಹಾಕಿದ್ದರೆ ಅವನು ಬೈಯುತ್ತಿದ್ದ.

ಸೇತುವೆಯ ವಿಷಯ ನನಗೆ ಹಿಡಿಸಲಿಲ್ಲ. ಮನೆಗೂ ಹೊಲಕ್ಕೂ ಕಂದಾಯ ಕಟ್ಟುತ್ತಲೇ ಇದ್ದೇವಲ್ಲ, ಅದೆಲ್ಲ ಎಲ್ಲಿ ಹೋಯಿತು? ಪಟ್ಟಣದ ಚೌಕಕ್ಕೆ ಕಲ್ಲು ಹಾಸಲು ದುಡ್ಡಿರುತ್ತದೆ, ನಮ್ಮ ಸೇತುವೆಗೆ ಮಾತ್ರ ನಾವೇ ಮತ್ತೆ ಕೊಡಬೇಕೆ? ಇಲ್ಲಿ ಯಾರಾದರೂ ಹಾಗೆ ಕೇಳಿದರೆ ಜನ ನಗುತ್ತಾರೆ. ನೀನು ವಿಧವೆ, ಒಬ್ಬಳೇ ಇರುವವಳು. ಎಲ್ಲದಕ್ಕೂ ತಲೆಯಾಡಿಸಬೇಡ. ಪೌನ್ ಇದ್ದಿದ್ದರೆ ಬೇಡವೆನ್ನುತ್ತಿದ್ದ.

ಕಾಫಿ ಕಳಿಸಿದ್ದೇನೆ.

ಕ್ರೂನಾ


ಬುಕೋವಾ ರೇಕಾ
೨೨ ಮೇ ೨೦೦೮

ಕ್ರೂನಾ ಅಕ್ಕ,

ಕಾಫಿ ಬಂತು. ಮತದಾನ ಭಾನುವಾರ ಮುಗಿಯಿತು. ನಾವು ಸೋತೆವು.

ಬೇಡವೆಂದವರು ಬೆರಳೆಣಿಕೆಯಷ್ಟು. ಊರಿನಲ್ಲಿ ಇರುವವರೆಲ್ಲ ಬಂದಿದ್ದರು, ಬಾಗಿಲ ಮೇಲೆ ಹೊತ್ತೊಯ್ದ ಅಜ್ಜಿಯೂ ಬಂದಿದ್ದಳು. ಆದರೂ ಸಾಲದು. ತ್ರಾಯ್ಲೋ ಶಾಲೆಯ ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದಿದ. ಪುರಸಭೆಯಿಂದ ಬಂದಿದ್ದವರು ಮತಪೆಟ್ಟಿಗೆಯನ್ನು ಕಾರಿಗೆ ಹಾಕಿಕೊಂಡು ಹೋದರು. ಕಾರನ್ನು ಆಚೆ ದಡದಲ್ಲೇ ನಿಲ್ಲಿಸಿದ್ದರು.

ಕಚೇರಿಯಲ್ಲಿ ಪೌನನ ಹೆಸರು ತೆಗೆಸುವ ಕೆಲಸವೊಂದಿದೆ. ಅವನ ಮರಣ ಪತ್ರ ನಿಮ್ಮ ಹತ್ತಿರವೇ ಉಳಿದಿದೆ. ಗಾಡಿಯವನು ತಂದದ್ದು ಗಡಿ ದಾಟಿಸುವ ಕಾಗದ ಮಾತ್ರ, ಅದು ಇಲ್ಲಿ ನಡೆಯುವುದಿಲ್ಲವಂತೆ. ದಯವಿಟ್ಟು ಬೇಗ ಕಳಿಸಿ.

ಪೆರ್ಸಿದಾ


ಲಿಂಟ್ಸ್
೧೫ ಜೂನ್ ೨೦೦೮

ಪೆರ್ಸಿದಾ,

ನಿನ್ನ ಕಾಗದ ಬಂದ ಮರುದಿನವೇ ಭಾನುವಾರ. ಚರ್ಚಿನ ಅಂಗಳದಲ್ಲಿ ನಮ್ಮೂರಿನ ವೇಲಾ ಸಿಕ್ಕಿದಳು. "ನಿನ್ ತಮ್ಮನ ಹೆಂಡ್ತಿ ಕಂದಾಯದ ಕಚೇರಿಗೆ ಅಲೀತಿದಾಳಂತೆ, ಮನೆ ಯಾರಿಗೆ ಮಾರ್ತಾಳೋ?" ಎಂದಳು. ಎಲ್ಲರ ಮುಂದೆ ಹಾಗೆ ಕೇಳಿದಳು.

ಹೊಳೆಯ ದಂಡೆಯ ಮನೆಗಳನ್ನು ಯಾರೋ ಹೊರಗಿನವರು ಕೊಳ್ಳುತ್ತಿದ್ದಾರೆಂದು ನಾನೂ ಕೇಳಿದ್ದೇನೆ. ಆ ಮನೆಯನ್ನು ನಮ್ಮ ಅಪ್ಪ ಕಟ್ಟಿದ. ಅದರ ಮಾಡಿಗೆ ಹೆಂಚು ಹೊದಿಸಲು ಪೌನ್ ಇಲ್ಲಿ ಎಷ್ಟು ಚಳಿಗಾಲ ದುಡಿದ ಎಂದು ನಿನಗೆ ನಾನು ಹೇಳಬೇಕಿಲ್ಲ. ಒಂದು ವರ್ಷವಾಗಿದೆ ಅಷ್ಟೆ. ಅವನ ಹೆಸರು ತೆಗೆಸಲು ಇಷ್ಟು ಅವಸರವೇಕೆ?

ಮರಣ ಪತ್ರ ನನ್ನ ಹತ್ತಿರ ಇದೆ, ದೇವರ ಪಟದ ಹಿಂದೆ. ಅಲ್ಲೇ ಇರುತ್ತದೆ.

ಕ್ರೂನಾ


ಬುಕೋವಾ ರೇಕಾ
೨೪ ಆಗಸ್ಟ್ ೨೦೦೮

ಕ್ರೂನಾ ಅಕ್ಕ,

ನಿಮ್ಮ ಕಾಗದ ಓದಿ ಮಡಿಸಿಟ್ಟೆ. ಉತ್ತರ ಬರೆಯುವುದು ಬೇಡವೆಂದುಕೊಂಡಿದ್ದೆ. ಪ್ಲಮ್ ಹಣ್ಣು ಕೀಳುವ ಕಾಲ ಬಂತು, ಜಾಮ್ ಕಾಯಿಸಿದೆ. ದೊಡ್ಡ ಹಂಡೆಯಲ್ಲಿ ಒಬ್ಬಳೇ ಕೈಯಾಡಿಸುತ್ತಿದ್ದಾಗ ತಪ್ಪು ನನ್ನದೂ ಇದೆ ಎನಿಸಿತು. ಪೂರ್ತಿ ಹೇಳದೆ ಕಾಗದ ಮಾತ್ರ ಕೇಳಿದೆ. ಈಗ ಹೇಳುತ್ತೇನೆ.

ಮನೆ ಮಾರುವುದಿಲ್ಲ. ಎಲ್ಲಿಗೆ ಹೋಗಲಿ ಅಕ್ಕ? ಅವನು ಇಲ್ಲಿದ್ದಾನೆ.

ಊರ ವಂತಿಗೆ ಒಪ್ಪಿಗೆಯಾಗಲು ಬಂದವರಲ್ಲಿ ಹೆಚ್ಚಿನವರು ಹೂಂ ಎಂದರೆ ಸಾಲದು. ಮತದಾರರ ಪಟ್ಟಿಯಲ್ಲಿ ಎಷ್ಟು ಹೆಸರಿದೆಯೋ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೂಂ ಎನ್ನಬೇಕು. ಬಾರದವರೆಲ್ಲ ಬೇಡವೆಂದ ಲೆಕ್ಕ. ಆ ಪಟ್ಟಿಯನ್ನು ಶಾಲೆಯ ಬಾಗಿಲಿಗೆ ಅಂಟಿಸಿದ್ದರು. ಸೋತ ದಿನ ಎಲ್ಲರೂ ಹೋಗಿ ಓದಿದೆವು. ಲಿಂಟ್ಸ್, ವಿಯೆನ್ನಾ, ಪ್ಯಾರಿಸ್, ಎಲ್ಲೆಲ್ಲಿ ನಮ್ಮವರು ದುಡಿಯಲು ಹೋಗಿ ಸತ್ತಿದ್ದಾರೋ ಅವರೆಲ್ಲರ ಹೆಸರೂ ಅದರಲ್ಲಿತ್ತು. ತಂದು ಹೂತಿದ್ದೇವೆ, ಗೋಧಿ ತಿಂದಿದ್ದೇವೆ, ಹಲಗೆ ಹಾಕಿದ್ದೇವೆ. ಕಚೇರಿಗೆ ಹೇಳುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಸ್ತಾನೋಯೆ ಅಜ್ಜ ಪಟ್ಟಿಯ ಮುಂದೆ ತುಂಬ ಹೊತ್ತು ನಿಂತಿದ್ದ. ಕೊನೆಗೆ ಟೋಪಿ ತೆಗೆದು ಹೇಳಿದ: "ನೋಡ್ರಯ್ಯಾ ನ್ಯಾಯಾನ. ಇವ್ರೆಲ್ಲ ಕಾಲು ಒದ್ದೆ ಮಾಡ್ಕೋಬಾರ್ದು ಅಂತ ನಾವು ಜನ್ಮವಿಡೀ ಹಲಗೆ ಹಾಕಿದ್ವಿ. ನಮಗೊಂದು ಹಲಗೆ ಹಾಕ್ಕೊಳ್ತೀವಿ ಅಂದ್ರೆ ಇವ್ರು ಬೇಡ ಅಂತಾರೆ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಪೌನನ ಹೆಸರು ಅಲ್ಲಿತ್ತು, ಹುಟ್ಟಿದ ವರ್ಷದ ಸಮೇತ. ನನ್ನ ಗಂಡ ಸೇತುವೆ ಬೇಡವೆಂದವರ ಸಾಲಿನಲ್ಲಿ ನಿಂತಿದ್ದ. ನಿಮಗೆ ಅದನ್ನು ಹೇಗೆ ಬರೆಯಲಿ ಎಂದೇ ಮುಚ್ಚಿಟ್ಟೆ.

ಕಂದಾಯದ ಕಚೇರಿಗೆ ಹೋದದ್ದು ನಿಜ. ವೇಲಾ ಅಷ್ಟು ಮಟ್ಟಿಗೆ ಸುಳ್ಳು ಹೇಳಿಲ್ಲ. ಮೊದಲು ಅಲ್ಲಿ ಹೇಳಿದರೆ ಆಗುತ್ತದೆಂದು ಯಾರೋ ಅಂದಿದ್ದರು. ಕಿಟಕಿಯ ಹಿಂದಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ನಮ್ ಪ್ರಕಾರ ಇವ್ರು ಇದಾರೆ" ಎಂದಳು.

"ಇಲ್ಲಮ್ಮ, ತೀರಿಕೊಂಡು ವರ್ಷದ ಮೇಲಾಯ್ತು."

"ಕಂದಾಯ ತಪ್ಪದೇ ಕಟ್ತಾ ಇದಾರಲ್ಲ?"

"ಕಟ್ಟೋಳು ನಾನು."

"ರಶೀದಿ ಅವ್ರ ಹೆಸರಲ್ಲಿದೆ. ನಮ್ಮಲ್ಲಿ ಬದುಕಿರೋರೇ ಇಷ್ಟು ನೀಟಾಗಿ ಕಟ್ಟಲ್ಲ. ಇಂಥೋರು ಸತ್ರು ಅಂತ ನಾನು ಯಾವ ಕಾಗದ ನೋಡಿ ಬರ್ಕೊಳ್ಲಿ?"

ಕೆಟ್ಟ ಹುಡುಗಿಯಲ್ಲ. ಕುಡಿಯಲು ನೀರು ಕೊಟ್ಟಳು. ಮರಣ ಪತ್ರವನ್ನು ಎಲ್ಲಿ ಕೊಡಬೇಕೆಂದು ಬರೆದುಕೊಟ್ಟಳು.

ಇನ್ನೊಂದು ಮಾತು. ಅವಸರ ಏಕೆ ಎಂದು ಕೇಳಿದಿರಿ. ನನಗೆ ಯಾವ ಅವಸರವೂ ಇರಲಿಲ್ಲ. ವರ್ಷಕ್ಕೊಮ್ಮೆ ಅಂಚೆಯ ಮಿಲೆ ಬಾಗಿಲಲ್ಲಿ ನಿಂತು ಕಂದಾಯದ ಲಕೋಟೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುತ್ತಾನೆ, ಪೌನ್ ಸ್ತಾಂಕೋವಿಚ್ ಎಂದು. ಅವನಿಗೆ ಅದು ಅಭ್ಯಾಸ. ಬೇರೆ ಯಾರೂ ಈಗ ಪೌನನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಆ ದಿನ ನಾನು ಒಲೆಯ ಹತ್ತಿರದಿಂದ ಏಳುವುದು ನಿಧಾನ, ಮಿಲೆ ಇನ್ನೊಮ್ಮೆ ಓದಲಿ ಎಂದು. ಅದನ್ನು ಬಿಟ್ಟುಕೊಡುತ್ತಿದ್ದೇನೆ ಅಕ್ಕ. ಸುಮ್ಮನೆ ಅಲ್ಲ.

ಮುಂದಿನ ಮತದಾನ ನವೆಂಬರಿನಲ್ಲಿ. ಡಿಸೆಂಬರಿನಲ್ಲಿ ಪುರಸಭೆಯ ಹೊಸ ಬಜೆಟ್ಟು. ಅಷ್ಟರೊಳಗೆ ನಮ್ಮ ಒಪ್ಪಿಗೆ ಹೋಗದಿದ್ದರೆ ಸೇತುವೆಗಿಟ್ಟ ಅರ್ಧ ದುಡ್ಡು ಚೌಕದ ಕಾರಂಜಿಗೆ ಹೋಗುತ್ತದೆ. ಸೇತುವೆಯಿಲ್ಲದಿದ್ದರೆ ಬರುವ ವರ್ಷ ಶಾಲೆಯನ್ನೂ ಮುಚ್ಚುತ್ತೇವೆ ಎಂದು ಆಗಲೇ ಹೇಳಿದ್ದಾರೆ.

ಪೌನ್ ಇದ್ದಿದ್ದರೆ ಬೇಡವೆನ್ನುತ್ತಿದ್ದ ಎಂದು ಬರೆದಿದ್ದಿರಿ. ಮೊದಲು ಒಂದು ತಾಸು ಪುರಸಭೆಯನ್ನು ಬೈಯುತ್ತಿದ್ದ. ಆಮೇಲೆ ಹೋಗಿ ಹೂಂ ಎಂದು ಮತ ಹಾಕಿ ಬರುತ್ತಿದ್ದ. ನಿಮಗೂ ಗೊತ್ತು.

ಪೆರ್ಸಿದಾ


ಲಿಂಟ್ಸ್
೨೧ ಸೆಪ್ಟೆಂಬರ್ ೨೦೦೮

ಪೆರ್ಸಿದಾ,

ಮರಣ ಪತ್ರ ಇದರಲ್ಲಿದೆ. ಮುದ್ರೆ ಸರಿಯಾಗಿದೆಯೇ ಎಂದು ಇಲ್ಲಿನ ಕಚೇರಿಗೆ ಮತ್ತೊಮ್ಮೆ ಹೋಗಿ ಕೇಳಿ ಬಂದಿದ್ದೇನೆ, ಅಲ್ಲಿ ಯಾರೂ ತಕರಾರು ತೆಗೆಯುವಂತಿಲ್ಲ.

ನಾನೂ ಒಂದು ಮಾತು ಹೇಳಬೇಕು. ಮನೆಯ ವಿಷಯ ಒಂದೇ ಅಲ್ಲ. ಇಲ್ಲಿ ಅವನು ಸತ್ತ ಎಂದು ನಾನೇ ಸಹಿ ಹಾಕಿದೆ. ಈ ಕಾಗದ ಅಲ್ಲಿಗೆ ಹೋಗದಿರುವವರೆಗೆ ಊರಿನ ಲೆಕ್ಕದಲ್ಲಾದರೂ ಅವನು ಇರುತ್ತಾನೆ ಎಂಬ ಹುಚ್ಚು ನನಗೂ ಇತ್ತು. ನೀನು ಲಕೋಟೆ ಇಟ್ಟುಕೊಂಡೆ, ನಾನು ಪಟದ ಹಿಂದೆ ಇದನ್ನು ಇಟ್ಟುಕೊಂಡೆ. ಹೀಗೆ ನಾವಿಬ್ಬರೂ ಸೇರಿ ಅವನನ್ನು ಸೇತುವೆಗೆ ಅಡ್ಡ ನಿಲ್ಲಿಸಿದೆವು.

ಕಳೆದ ಭಾನುವಾರ ಚರ್ಚಿನ ಅಂಗಳದಲ್ಲಿ ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ಲಕೋಟೆಯ ಮಾತು ಬಿಟ್ಟು ಉಳಿದದ್ದನ್ನು ಓದಿದೆ, ಅದು ನಮ್ಮಿಬ್ಬರದು. ಅಜ್ಜನ ಮಾತಿಗೆ ಜನ ನಕ್ಕರು. ಆದರೆ ಅಲ್ಲಿದ್ದ ಎಲ್ಲರ ಮನೆಯಲ್ಲೂ ಇಂಥದೊಂದು ಪತ್ರವಿದೆ. ವೇಲಾಳನ್ನು ಬಿಡಲಿಲ್ಲ. "ನನ್ ತಮ್ಮನ ಹೆಂಡ್ತಿ ಕಚೇರಿಗೆ ಅಲೆದಿದ್ದು ಯಾಕೆ ಅಂತ ಗೊತ್ತಾಯ್ತಲ್ಲ? ನಿಮ್ಮಪ್ಪ ಇನ್ನೂ ಅಲ್ಲಿ ಮತದಾರ ಕಣೇ. ಮೂವತ್ತು ವರ್ಷದಿಂದ ಸೋಂಬೇರಿಯಾಗಿ ಮಲ್ಗಿದಾನೆ, ಎಬ್ಬಿಸಿ ಕಳ್ಸು" ಎಂದೆ. ಅವಳು ಅತ್ತಳು. ಸಂಜೆ ಅವಳೇ ಮೊದಲು ಬಂದು ತನ್ನ ತಂದೆಯ ಮರಣ ಪತ್ರ ಕೊಟ್ಟಳು. ಆಮೇಲೆ ಉಳಿದವರೂ ಬಂದರು. ನನ್ನ ಅಡುಗೆಮನೆಯ ಮೇಜಿನ ಮೇಲೆ ಈಗ ನಮ್ಮೂರಿನ ಅರ್ಧ ಸ್ಮಶಾನ ಇದೆ. ಎಲ್ಲವನ್ನೂ ಬೇರೆ ಕಟ್ಟಿನಲ್ಲಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ, ಅಂಚೆಯನ್ನು ನಂಬುವುದಿಲ್ಲ.

ಮತದಾನವನ್ನು ಸತ್ತವರ ಶನಿವಾರದ ಮರುದಿನ ಇಡಲು ತ್ರಾಯ್ಲೋಗೆ ಹೇಳು. ಸಮಾಧಿಗೆ ದೀಪ ಹಚ್ಚಲು ಹೇಗೂ ಎಲ್ಲರೂ ಊರಿಗೆ ಬರುತ್ತಾರೆ. ಬಂದವರು ಒಂದು ರಾತ್ರಿ ಹೆಚ್ಚು ಉಳಿಯಲಿ. ನಾನು ಬರುವುದಿಲ್ಲ. ಪಾಸ್‌ಪೋರ್ಟ್ ಬದಲಾಯಿಸಿ ಈ ದೇಶದವಳಾದಾಗಲೇ ನನ್ನ ಹೆಸರು ಆ ಪಟ್ಟಿಯಿಂದ ಹೋಯಿತು. ಮತವಿಲ್ಲದವಳು ಬಂದು ಏನು ಮಾಡಲಿ?

ಕ್ರೂನಾ


ಬುಕೋವಾ ರೇಕಾ
೪ ನವೆಂಬರ್ ೨೦೦೮

ಕ್ರೂನಾ ಅಕ್ಕ,

ಗೆದ್ದೆವು.

ಫೋನಿನಲ್ಲಿ ತ್ರಾಯ್ಲೋ ಕಿರುಚಿದ್ದು ನಿಮಗೆ ಅರ್ಥವಾಯಿತೋ ಇಲ್ಲವೋ ತಿಳಿಯದು, ಆದ್ದರಿಂದ ಮತ್ತೆ ಬರೆಯುತ್ತಿದ್ದೇನೆ.

ಪೌನನ ಕಾಗದವನ್ನು ನಾನೇ ಪಟ್ಟಣಕ್ಕೆ ಒಯ್ದೆ. ಜನನ ಮರಣ ಬರೆಯುವ ಕೋಣೆಯಲ್ಲಿ ವಯಸ್ಸಾದ ಒಬ್ಬರು ಅದನ್ನು ಓದಿ, ಕನ್ನಡಕ ತೆಗೆದು, "ಕೂತ್ಕೊಳ್ಳಿ ತಾಯಿ, ನಿಧಾನಕ್ಕೆ ಬರೀತೀನಿ" ಎಂದರು. ನಿಜವಾಗಿಯೂ ನಿಧಾನವಾಗಿಯೇ ಬರೆದರು. ಹೊರಗೆ ಬಂದು ನೋಡಿದರೆ ಸಾಲು ನಿಂತಿತ್ತು. ನಮ್ಮೂರಿನ ಹೆಂಗಸರು, ಎಲ್ಲರೂ ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು, ಕೈಯಲ್ಲಿ ನೀವು ಕಳಿಸಿದ, ಬೇರೆ ಊರುಗಳಿಂದ ತರಿಸಿದ ಕಾಗದ ಹಿಡಿದು ನಿಂತಿದ್ದರು. ಕಾವಲಿನವನು ಗಾಬರಿಯಾಗಿ, ಎಲ್ಲಿ ಏನು ಅಪಘಾತವಾಯಿತೆಂದು ಕೇಳಿದ. ಸ್ತಾನೋಯೆ ಅಜ್ಜನ ಹೆಂಡತಿ, "ಏನೂ ಆಗಿಲ್ಲಪ್ಪ, ನಮ್ಮೋರು ಈಗ ಸಾಯ್ತಿದಾರೆ ಅಷ್ಟೆ" ಎಂದಳು. ಅವಳ ತಮ್ಮ ಡ್ಯೂಸೆಲ್ಡಾರ್ಫಿನಲ್ಲಿ ತೀರಿಕೊಂಡವನು. ನಾವು ನಕ್ಕೆವು ಅಕ್ಕ, ಆ ಕಚೇರಿಯ ಮೊಗಸಾಲೆಯಲ್ಲಿ, ಕಪ್ಪು ಬಟ್ಟೆಯಲ್ಲಿ. ಪೌನ್ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಶನಿವಾರ ಸ್ಮಶಾನದ ತುಂಬ ದೀಪ. ಭಾನುವಾರ ಬೆಳಿಗ್ಗೆ ಲಿಂಟ್ಸಿನ ಬಸ್ಸು ಆಚೆ ದಡದಲ್ಲಿ ನಿಂತೇ ಇತ್ತು, ಯಾರೂ ಹತ್ತಲಿಲ್ಲ. ಎಲ್ಲರೂ ಶಾಲೆಯ ಮುಂದೆ ಇದ್ದರು. ವೇಲಾ ಬಂದು ನನ್ನ ಕೈ ಹಿಡಿದಳು. ಕ್ಷಮೆ ಕೇಳಲಿಲ್ಲ, ನಾನೂ ಕೇಳಿಸಿಕೊಳ್ಳಬೇಕೆಂದಿರಲಿಲ್ಲ.

ಎಣಿಕೆ ಮುಗಿದಾಗ ಪುರಸಭೆಯವನು ಸಂಖ್ಯೆ ಓದಿದ. ಗೊಂದಲವೇ ಇರಲಿಲ್ಲ. ಅರ್ಧವನ್ನು ದಾಟಿ ಬಹಳ ದೂರ ಹೋಗಿದ್ದೆವು. ತ್ರಾಯ್ಲೋ ಶಾಲೆಯ ಗಂಟೆಯ ಹಗ್ಗ ಹಿಡಿದು ಎಳೆಯುತ್ತಲೇ ಇದ್ದ. ಯಾರೋ ಅಕಾರ್ಡಿಯನ್ ತಂದರು. ವಂತಿಗೆ ಕಟ್ಟಲು ಒಪ್ಪಿದ್ದಕ್ಕೆ ಜನ ಕುಣಿದದ್ದನ್ನು ಆ ಪುರಸಭೆಯವನು ಹಿಂದೆಂದೂ ನೋಡಿರಲಿಕ್ಕಿಲ್ಲ. ಅವನಿಗೂ ಒಂದು ಲೋಟ ರಾಕಿಯಾ ಹಿಡಿಸಿದರು. ಕುಡಿದು, "ನಿಮ್ಮಂಥ ಊರು ಇನ್ನೆರಡು ಇದ್ರೆ ನಮ್ ಕೆಲ್ಸ ಹೋಗುತ್ತೆ" ಎಂದ.

ನಿಮಗೆ ಮತವಿಲ್ಲ ಎಂದು ಬರೆದಿದ್ದಿರಿ. ಊರಲ್ಲಿ ಈಗ ಬೇರೆ ಮಾತಿದೆ. ಅಷ್ಟು ಮತ ಹಾಕಿಸಿದವರು ಬೇರೊಬ್ಬರಿಲ್ಲವಂತೆ.

ಪೆರ್ಸಿದಾ


ಬುಕೋವಾ ರೇಕಾ
೧೨ ಮಾರ್ಚ್ ೨೦೦೯

ಅಕ್ಕ,

ಕಂದಾಯದ ನೋಟೀಸು ಬಂತು. ಮಿಲೆ ಬಾಗಿಲಲ್ಲಿ ನಿಂತು ಲಕೋಟೆ ನೋಡಿದ. ಆಮೇಲೆ ಟೋಪಿ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದ: ಪೆರ್ಸಿದಾ ಸ್ತಾಂಕೋವಿಚ್.

ಎದ್ದು ಹೋಗಿ ತೆಗೆದುಕೊಂಡೆ.

ವಂತಿಗೆ ಬೇರೆ ಸಾಲಿನಲ್ಲಿದೆ. ಅದನ್ನು ಮೊದಲು ಕಟ್ಟಿದೆ.

ಪೆ.


ಲಿಂಟ್ಸ್
೫ ಏಪ್ರಿಲ್ ೨೦೦೯

ಪೆರ್ಸಿದಾ,

ನನಗೆ ವಂತಿಗೆ ಇಲ್ಲವೆಂದು ತ್ರಾಯ್ಲೋ ಹೇಳುತ್ತಾನೆ. ನಾನು ಕೇಳುವುದಿಲ್ಲ. ದುಡ್ಡು ಕಳಿಸಿದ್ದೇನೆ, ರಶೀದಿ ಬೇಕು. ನನ್ನ ಹೆಸರಿನಲ್ಲಿ, ಪೂರ್ತಿ ಅಕ್ಷರಗಳಲ್ಲಿ.

ಕ್ರೂನಾ


ಬುಕೋವಾ ರೇಕಾ
೩ ಅಕ್ಟೋಬರ್ ೨೦೦೯

ಕ್ರೂನಾ ಅಕ್ಕ,

ಸೇತುವೆ ಮುಗಿಯಿತು. ಸೋಮವಾರದಿಂದ ಶಾಲೆಯ ಬಸ್ಸು ಈಚೆ ಬರುತ್ತಿದೆ. ಮೊದಲ ದಿನ ಮಕ್ಕಳು ಹಟ ಹಿಡಿದು ಸೇತುವೆಯನ್ನು ನಡೆದೇ ದಾಟಿದರು, ಆಮೇಲೆ ಓಡಿ ಹಿಂದೆ ಹೋಗಿ ಬಸ್ಸು ಹತ್ತಿ ಇನ್ನೊಮ್ಮೆ ದಾಟಿದರು. ಡ್ರೈವರ್ ಬೈಯಲಿಲ್ಲ. ಪೀಪಾಯಿಗಳನ್ನು ಹುಡುಗರು ಶಾಲೆಯ ಅಂಗಳಕ್ಕೆ ಉರುಳಿಸಿದರು. ಮೇಲಿನ ಕಾಂಕ್ರೀಟನ್ನು ಒಡೆದು ಮಣ್ಣು ತುಂಬಿದೆವು, ಮಾಸ್ತರರು ಜಿರೇನಿಯಂ ಹೂಗಿಡ ನೆಟ್ಟಿದ್ದಾರೆ.

ಒಂದು ಗುಟ್ಟು, ಆದರೆ ಈಗ ಊರಿಗೆಲ್ಲ ಗೊತ್ತು. ಪುರಸಭೆಯವರು ಸೇತುವೆಯ ತಲೆಗೆ ಅಧ್ಯಕ್ಷರ ಹೆಸರಿನ ಫಲಕ ಹಾಕಬೇಕೆಂದಿದ್ದರು. ಈಚೆ ದಡದ ಕಟ್ಟೆಗೆ ಕಾಂಕ್ರೀಟ್ ಹಾಕಿದ ದಿನ ಎಂಜಿನಿಯರು ತ್ರಾಯ್ಲೋ ಮನೆಗೆ ಊಟಕ್ಕೆ ಹೋದ. ತ್ರಾಯ್ಲೋ ಹೆಂಡತಿ ಬೇಕೆಂದೇ ಊಟ ತಡಮಾಡಿದಳು. ಅಷ್ಟರಲ್ಲಿ ನಾವು ಹೆಂಗಸರು ಹೋದೆವು. ಕಾಂಕ್ರೀಟು ಇನ್ನೂ ಹಸಿಯಾಗಿತ್ತು. ಪಟ್ಟಿಯಿಂದ ಯಾರ ಯಾರ ಹೆಸರು ತೆಗೆಸಿದ್ದೆವೋ ಅವರೆಲ್ಲರ ಹೆಸರನ್ನೂ ಅದರ ಮೇಲೆ ಬರೆದೆವು. ಕೆಲವರು ಮೊಳೆಯಿಂದ, ಕೆಲವರು ಹೆಣಿಗೆಯ ಸೂಜಿಯಿಂದ. ನಾನು ಪೌನನ ಹೆಸರನ್ನು ಬೆರಳಿನಿಂದ ಬರೆದೆ. ವೇಲಾಳ ತಂದೆಯ ಹೆಸರನ್ನೂ ನಾನೇ ಬರೆದೆ, ಅವಳು ಹೇಳಿ ಕಳಿಸಿದ್ದಳು.

ಎಂಜಿನಿಯರು ವಾಪಸು ಬಂದು, ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ಓದಿದ. ಇವರೆಲ್ಲ ಯಾರೆಂದು ಕೇಳಿದ. ಸ್ತಾನೋಯೆ ಅಜ್ಜ ಅವನ ಪಕ್ಕಕ್ಕೆ ಹೋಗಿ ನಿಂತ. "ಮೊದ್ಲು ಬೇಡ ಅಂದಿದ್ರು. ಆಮೇಲೆ ಒಪ್ಕೊಂಡ್ರು" ಎಂದ. ಎಂಜಿನಿಯರು ಅದನ್ನು ಅಳಿಸಲಿಲ್ಲ. ಅಧ್ಯಕ್ಷರ ಫಲಕ ಆಚೆ ದಡದಲ್ಲಿದೆ.

ನನ್ನ ಬೆರಳಿಗೆ ಸಿಮೆಂಟು ಹತ್ತಿ ಎರಡು ದಿನ ಉರಿಯಿತು. ಈಗ ಗುಣವಾಗಿದೆ.

ನಿಮ್ಮ ರಶೀದಿ ಇದರಲ್ಲಿದೆ. ಪೂರ್ತಿ ಅಕ್ಷರಗಳಲ್ಲಿ ಬರೆಸಿದ್ದೇನೆ.

ಈ ಸಲದ ಸತ್ತವರ ಶನಿವಾರಕ್ಕೆ ಬನ್ನಿ. ನಿಮ್ಮ ಮಂಡಿಗೆ ಬಸ್ಸು ಆಗುವುದಿಲ್ಲ, ವೇಲಾಳ ಮಗ ಕಾರಿನಲ್ಲಿ ಕರೆತರುತ್ತಾನಂತೆ. ಹೊಳೆಯ ಹತ್ತಿರ ಬಂದಾಗ ಹಳೆಯ ಅಭ್ಯಾಸಕ್ಕೆ ಆಚೆ ದಡದಲ್ಲಿ ನಿಲ್ಲಿಸಬೇಡಿ. ಇಳಿಯಬೇಡಿ. ಮನೆಯ ಬಾಗಿಲವರೆಗೂ ಬನ್ನಿ.

ನಿಮ್ಮ ಪೆರ್ಸಿದಾ